ಟೈರಿನ ಮೇಲಿನ 106 ಮತ್ತು ಪಿಕಪ್ಪಿನ 110 ಕ್ರೇಟು

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ನನ್ನ ಬಳಿ ಪಿಕಪ್ ವಾಹನವಿದೆ. ಟೊಮೆಟೊ ಕಾಲದಲ್ಲಿ ನಮ್ಮ ಮತ್ತು ಅಕ್ಕಪಕ್ಕದವರ ಮಾಲನ್ನು ಕೋಲಾರದ ಎಪಿಎಂಸಿಗೆ ಸಾಗಿಸುತ್ತೇನೆ. ಒಂದು ಸಲಕ್ಕೆ 110 ಕ್ರೇಟು ಹಾಕುತ್ತೇನೆ. ಕಳೆದ ಎಂಟು ತಿಂಗಳಲ್ಲಿ ಹಿಂದಿನ ಎಡಗಡೆಯ ಟೈರು ಎರಡು ಸಲ ಸಿಡಿಯಿತು. ಎರಡು ಸಲವೂ ರಸ್ತೆ ಚೆನ್ನಾಗಿಯೇ ಇತ್ತು. ಟೈರಿನ ಮೇಲೆ 195 ಆರ್ 15, 106/104 ಆರ್, 8 ಪಿಆರ್ ಎಂದಿದೆ. ಅಂಗಡಿಯವರು ಹತ್ತು ಪ್ಲೈ ಟೈರು ಹಾಕಿಸಿ ಎನ್ನುತ್ತಾರೆ. ಮೆಕ್ಯಾನಿಕ್ ಕಮಾನಿಗೆ, ಅಂದರೆ ಆಕ್ಸಲ್ಲಿನ ಪಟ್ಟಿ ಸ್ಪ್ರಿಂಗಿಗೆ, ಇನ್ನೊಂದು ಪಟ್ಟಿ ಸೇರಿಸೋಣ ಎನ್ನುತ್ತಾನೆ. ನನ್ನ ಬಾಮೈದ 106 ಎಂದರೆ ಗಾಳಿಯ ಲೆಕ್ಕ, ನೀವು ಕಡಿಮೆ ತುಂಬುತ್ತಿದ್ದೀರಿ ಎನ್ನುತ್ತಾನೆ. ಆರ್‌ಸಿಯಲ್ಲಿ ಖಾಲಿ ತೂಕ 1,700 ಕೆಜಿ, ಒಟ್ಟು ತೂಕ 2,990 ಕೆಜಿ, ಮುಂದಿನ ಆಕ್ಸಲ್ 1,140, ಹಿಂದಿನ ಆಕ್ಸಲ್ 1,850 ಎಂದಿದೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ಬಾಮೈದನನ್ನು ಗಾಳಿಯ ಪಂಪಿನ ಹತ್ತಿರ ಬಿಡಬೇಡಿ. 106 ಗಾಳಿಯ ಲೆಕ್ಕವಲ್ಲ. ಆ ಟೈರಿಗೆ 106 ಪಿಎಸ್‌ಐ ಗಾಳಿ ತುಂಬಲು ಹೋದರೆ ಮೂರನೆಯ ಸಿಡಿತ ರಸ್ತೆಯಲ್ಲಲ್ಲ, ಪಂಕ್ಚರ್ ಅಂಗಡಿಯ ಮುಂದೆಯೇ ಆದೀತು.

ಅದು ಭಾರದ ಸೂಚ್ಯಂಕ. ನೇರವಾಗಿ ಕೆಜಿ ಬರೆಯುವ ಬದಲು ಟೈರು ತಯಾರಕರು ಒಂದು ಸಂಖ್ಯೆ ಕೊಡುತ್ತಾರೆ, ಪ್ರತಿ ಸಂಖ್ಯೆಗೂ ಇಷ್ಟು ಕೆಜಿ ಎಂದು ಕೋಷ್ಟಕವಿದೆ. 100 ಎಂದರೆ 800 ಕೆಜಿ, 102 ಎಂದರೆ 850, 104 ಎಂದರೆ 900, 106 ಎಂದರೆ 950, 109 ಎಂದರೆ 1,030. ಎರಡು ಸಂಖ್ಯೆ ಇರುವುದಕ್ಕೂ ಕಾರಣವಿದೆ. ಆಕ್ಸಲ್ಲಿನ ಒಂದೊಂದು ಪಕ್ಕದಲ್ಲಿ ಒಂದೇ ಟೈರು ಇದ್ದರೆ ಮೊದಲನೆಯದು, ಲಾರಿಯ ಹಿಂಬದಿಯಂತೆ ಜೋಡಿ ಟೈರು ಇದ್ದರೆ ಎರಡನೆಯದು ಅನ್ವಯಿಸುತ್ತದೆ. ಜೋಡಿಯಲ್ಲಿ ಎರಡೂ ಟೈರು ಸಮವಾಗಿ ಹೊರುತ್ತವೆ ಎಂಬ ಭರವಸೆ ಇಲ್ಲದ್ದರಿಂದ ಅಲ್ಲಿ ಒಂದೊಂದಕ್ಕೆ ತುಸು ಕಡಿಮೆ. ನಿಮ್ಮದು ಒಂಟಿ ಟೈರಿನ ಪಿಕಪ್, ಆದ್ದರಿಂದ ಟೈರಿಗೆ 950 ಕೆಜಿ. ಕೊನೆಯಲ್ಲಿರುವ ಆರ್ ಅಕ್ಷರ ವೇಗದ ಮಿತಿ, ಗಂಟೆಗೆ 170 ಕಿ.ಮೀ. ನಿಮಗೆ ಅದರಿಂದ ಏನೂ ಆಗಬೇಕಿಲ್ಲ.

ಈ 950 ಕೂಡ ಷರತ್ತಿನ ಮಾತು. ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸಣ್ಣ ಅಕ್ಷರ ಓದಿ. ಈ ಬಗೆಯ ಎಂಟು ಪ್ಲೈ ಟೈರಿನ ಮೇಲೆ ಸಾಮಾನ್ಯವಾಗಿ 450 ಕಿಲೋಪಾಸ್ಕಲ್ ಎಂದಿರುತ್ತದೆ. ಅಂದರೆ ಸುಮಾರು 65 ಪಿಎಸ್‌ಐ, ಅದೂ ಟೈರು ತಣ್ಣಗಿರುವಾಗ. ಅಷ್ಟು ಗಾಳಿ ಇದ್ದರೆ ಮಾತ್ರ 950 ಕೆಜಿ. ಭಾರ ಹೊರುವುದು ಒಳಗೆ ಕಟ್ಟಿಹಾಕಿದ ಗಾಳಿ, ರಬ್ಬರು ಅದನ್ನು ಹಿಡಿದಿಡುವ ಚೀಲವಷ್ಟೆ. 50 ಪಿಎಸ್‌ಐ ಇರುವ ಟೈರಿನ ಮೇಲೆ 106 ಎಂದು ಎಷ್ಟು ದೊಡ್ಡದಾಗಿ ಅಚ್ಚಾಗಿದ್ದರೂ ಅದು 950 ಹೊರುವ ಟೈರಲ್ಲ. ನಿಮ್ಮ ಪತ್ರದಲ್ಲಿ ಎಷ್ಟು ಗಾಳಿ ತುಂಬುತ್ತೀರಿ ಎಂಬುದೇ ಇಲ್ಲ. ಹೆಚ್ಚಿನವರ ಪತ್ರದಲ್ಲಿ ಇರುವುದಿಲ್ಲ.

ಈಗ ಕ್ರೇಟಿನ ಲೆಕ್ಕ. ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಉಳಿಯುವುದು 1,290 ಕೆಜಿ. ಇಷ್ಟೂ ಟೊಮೆಟೊಗೆ ಎಂದು ಅನೇಕರು ತಿಳಿಯುತ್ತಾರೆ. ಆದರೆ ಕಾನೂನಿನ ವ್ಯಾಖ್ಯೆಯಲ್ಲಿ ಖಾಲಿ ತೂಕವೆಂದರೆ ಚಾಲಕ ಮತ್ತು ಸಹಾಯಕನನ್ನು ಬಿಟ್ಟ ತೂಕ. ನೀವು, ಒಬ್ಬ ಆಳು, ಜೊತೆಗೆ ಮಾಲಿನ ಮಾಲೀಕ, ಹೀಗೆ ಮೂವರು ಕೂತರೆ 195 ಕೆಜಿ ಹೋಯಿತು. ಉಳಿದದ್ದು 1,095. ಕ್ರೇಟಿನಲ್ಲಿ 15 ಕೆಜಿ ಹಣ್ಣು ಎಂದು ಹಿಡಿಯೋಣ, ಖಾಲಿ ಕ್ರೇಟಿಗೇ ಒಂದೂವರೆ ಎರಡು ಕೆಜಿ ತೂಕವಿರುತ್ತದೆ. ಮಂಡಿಯಲ್ಲಿ ಆ ತೂಕ ಕಳೆಯುತ್ತಾರೆ, ಟೈರು ಕಳೆಯುವುದಿಲ್ಲ. ಕ್ರೇಟಿಗೆ 17 ಎಂದು ಹಿಡಿದರೆ ನಿಮ್ಮ ವಾಹನ ಹೊರಬೇಕಾದದ್ದು 64 ಕ್ರೇಟು.

ನೀವು ಹಾಕುತ್ತಿರುವುದು 110. ಅಂದರೆ 1,870 ಕೆಜಿ. ವಾಹನ ಮತ್ತು ಮೂವರನ್ನು ಸೇರಿಸಿದರೆ 3,765. ಮಿತಿಗಿಂತ 775 ಕೆಜಿ ಹೆಚ್ಚು.

ಈ 775 ನಾಲ್ಕು ಟೈರುಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಪಿಕಪ್ಪಿನ ಲೋಡು ಕೂರುವುದು ಬಹುಪಾಲು ಹಿಂದಿನ ಆಕ್ಸಲ್ಲಿನ ಮೇಲೆ. ಹೆಚ್ಚುವರಿಯಲ್ಲಿ 700 ಕೆಜಿ ಹಿಂದಕ್ಕೇ ಬಿತ್ತು ಎಂದರೆ 1,850ರ ಆಕ್ಸಲ್ಲಿನ ಮೇಲೆ 2,550, ಒಂದೊಂದು ಟೈರಿನ ಮೇಲೆ 1,275. ಹೊರಬೇಕಾದ್ದು 950. ಮಿತಿಯ ಮೇಲೆ ಮೂರನೇ ಒಂದು ಪಾಲಿಗಿಂತಲೂ ಹೆಚ್ಚುವರಿ ಹೊರೆಯನ್ನು ಆ ಟೈರು ಇಷ್ಟು ದಿನ ಹೊತ್ತದ್ದೇ ದೊಡ್ಡದು.

ಹಿಂದಿನ ಡೋರು ಇಳಿಸಿ, ಹಗ್ಗ ಕಟ್ಟಿ, ಅದರ ಮೇಲೂ ಒಂದು ಸಾಲು ಜೋಡಿಸುವವರನ್ನು ಟೊಮೆಟೊ ಕಾಲದಲ್ಲಿ ದಿನವೂ ನೋಡುತ್ತೇನೆ. ನೀವೂ ಹಾಗೆ ಮಾಡುತ್ತಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಆಕ್ಸಲ್ಲಿನ ಹಿಂದೆ ತೂಗುವ ಭಾರ ಏತದಂತೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಮೂರು ಮೀಟರ್ ಇದ್ದು, ಹಿಂದಿನ ಆಕ್ಸಲ್ಲಿಗಿಂತ 60 ಸೆಂಟಿಮೀಟರ್ ಆಚೆಗೆ 100 ಕೆಜಿ ಇಟ್ಟರೆ ಹಿಂದಿನ ಆಕ್ಸಲ್ಲಿಗೆ ಬೀಳುವುದು 120 ಕೆಜಿ. ಆ 20 ಬಂದದ್ದು ಮುಂದಿನ ಚಕ್ರಗಳಿಂದ. ಸ್ಟೇರಿಂಗು ಹಗುರವಾಯಿತು ಎಂದು ಚಾಲಕ ಖುಷಿಪಡುವುದು ಆಗಲೇ.

ರಸ್ತೆ ಚೆನ್ನಾಗಿತ್ತು, ಆದರೂ ಸಿಡಿಯಿತು ಎಂದು ಬರೆದಿದ್ದೀರಿ. ನನಗೆ ಅದರಲ್ಲಿ ಆಶ್ಚರ್ಯವಿಲ್ಲ. ಟೈರು ನೆಲಕ್ಕೆ ತಾಗುವ ಕಡೆ ಚಪ್ಪಟೆಯಾಗುತ್ತದೆ, ಮೇಲೆ ಹೋದಾಗ ಮತ್ತೆ ದುಂಡಗಾಗುತ್ತದೆ. ನಿಮ್ಮ ಅಳತೆಯ ಟೈರು 60 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 450 ಸುತ್ತು ತಿರುಗುತ್ತದೆ. ಅಷ್ಟು ಸಲ ಅದರ ಪಕ್ಕೆ ಮಡಿಚಿ ಬಿಚ್ಚುತ್ತದೆ. ತಂತಿಯೊಂದನ್ನು ಒಂದೇ ಕಡೆ ಬಗ್ಗಿಸಿ ನೆಟ್ಟಗೆ ಮಾಡುತ್ತಾ ಹೋದರೆ ಬೆರಳಿಗೆ ಬಿಸಿ ತಾಗುತ್ತದೆಯಲ್ಲ, ಇಲ್ಲಿಯೂ ಅದೇ. ಭಾರ ಹೆಚ್ಚಾದಷ್ಟೂ, ಗಾಳಿ ಕಡಿಮೆಯಾದಷ್ಟೂ ಮಡಿಕೆ ಆಳವಾಗುತ್ತದೆ. ವೇಗ ಹೆಚ್ಚಾದಷ್ಟೂ ಮಡಿಕೆಗಳ ಎಣಿಕೆ ಏರುತ್ತದೆ. ಹಳ್ಳದ ರಸ್ತೆಯಲ್ಲಿ ನೀವು 25ರಲ್ಲಿ ತೆವಳುತ್ತೀರಿ, ಟೈರಿಗೆ ತಣಿಯಲು ಬಿಡುವು ಸಿಗುತ್ತದೆ. ನುಣುಪಾದ ಹೆದ್ದಾರಿ ಸಿಕ್ಕಿದೊಡನೆ ಹರಾಜಿನ ಹೊತ್ತಿಗೆ ಮುಟ್ಟಬೇಕೆಂದು 80ಕ್ಕೆ ಏರಿಸುತ್ತೀರಿ. ಒಳಗಿನ ಪದರಗಳನ್ನು ಹಿಡಿದಿಟ್ಟ ರಬ್ಬರಿನ ಅಂಟು ಅಲ್ಲಿ ಬಿಡುತ್ತದೆ. ಮುಳಬಾಗಿಲು ಕಡೆಯ ಹೆದ್ದಾರಿ 75ರ ಅಂಚಿನಲ್ಲಿ ಬಿದ್ದಿರುವ ಟೈರಿನ ಸಿಪ್ಪೆಗಳು ಬಹಳಷ್ಟು ಹೀಗೆ ಕಳಚಿದವು.

ಸಿಡಿದ ಟೈರನ್ನು ಎಸೆದಿಲ್ಲವಾದರೆ ಒಂದು ಉಪಕಾರ ಮಾಡಿ, ಒಳಭಾಗ ನೋಡಿ. ಟೈರು ಕುಯ್ದು ನೋಡುವುದೇ ನನಗೆ ವರ್ಷಾನುಗಟ್ಟಲೆ ಕೆಲಸವಾಗಿತ್ತು, ಅದರ ಒಳಗೋಡೆ ಸುಳ್ಳು ಹೇಳುವುದಿಲ್ಲ. ಪಕ್ಕೆಯ ಒಳಬದಿಯಲ್ಲಿ ಸುತ್ತಲೂ ಬಳೆಯಂತೆ ಸುಕ್ಕು, ಕೈಗೆ ಹತ್ತುವ ರಬ್ಬರಿನ ಪುಡಿ, ನೀಲಿ ಬಣ್ಣಕ್ಕೆ ತಿರುಗಿದ ಪಟ್ಟಿ ಕಂಡರೆ ಅದು ಗಾಳಿ ಸಾಲದೆ ಅಥವಾ ಭಾರ ಮಿತಿಮೀರಿ ಬೆಂದ ಟೈರು. ಒಂದೇ ಕಡೆ ಅಡ್ಡಗೆರೆ ಹಾಕಿದಂತೆ ಸೀಳಿದ್ದರೆ ಅದು ಕಲ್ಲು ಅಥವಾ ಗುಂಡಿಯ ಪೆಟ್ಟು. ನಿಮ್ಮದು ಮೊದಲನೆಯ ಬಗೆ ಎಂದೇ ನನ್ನ ಊಹೆ.

ಎಡಗಡೆಯದೇ ಏಕೆ? ನಾವು ಎಡಕ್ಕೆ ಓಡಿಸುತ್ತೇವೆ, ನೀರು ಹರಿಯಲೆಂದು ರಸ್ತೆ ನಡುವಿನಿಂದ ಅಂಚಿಗೆ ಇಳಿಜಾರಾಗಿರುತ್ತದೆ. ಆ ವಾಲಿಗೆ ಎಡ ಚಕ್ರದ ಮೇಲೆ ತುಸು ಹೆಚ್ಚು ಭಾರ ಬೀಳುತ್ತದೆ. ಎದುರು ಬಂದ ಬಸ್ಸಿಗೆ ದಾರಿ ಬಿಡಲು ಡಾಂಬರಿನ ಅಂಚಿನಿಂದ ಮಣ್ಣಿಗೆ ಇಳಿದು ಹತ್ತುವುದೂ ಎಡ ಚಕ್ರವೇ. ಆದರೂ ಎರಡು ಸಲ ಒಂದೇ ಕಡೆ ಎಂದರೆ ರಸ್ತೆಯ ವಾಲು ಒಂದನ್ನೇ ದೂರುವಂತಿಲ್ಲ. ಎಡ ಕಮಾನಿನಲ್ಲಿ ಪಟ್ಟಿ ಮುರಿದಿದೆಯೇ, ಟೈರು ಎಲ್ಲಿಯಾದರೂ ಬಾಡಿಗೆ ಉಜ್ಜಿದ ಗುರುತಿದೆಯೇ ಎಂದು ಮೆಕ್ಯಾನಿಕ್ ಮೊದಲು ನೋಡಲಿ. ಅದನ್ನು ನೋಡದೆ ಹೊಸ ಪಟ್ಟಿ ಸೇರಿಸುವ ಮಾತು ಆಡಬಾರದಿತ್ತು.

ಆ ಹೊಸ ಪಟ್ಟಿಯ ವಿಚಾರಕ್ಕೆ ಬರುತ್ತೇನೆ. ಕಮಾನು ಗಟ್ಟಿಯಾದರೆ ಲೋಡು ಹಾಕಿದಾಗ ವಾಹನ ಕೂರುವುದಿಲ್ಲ, ಅಷ್ಟೆ. ಆಕ್ಸಲ್ಲಿನ ಬೇರಿಂಗು, ಚಕ್ರದ ರಿಮ್ಮು, ಟೈರು, ಬ್ರೇಕು ಎಲ್ಲವೂ ಹಿಂದಿದ್ದಷ್ಟೇ ಇರುತ್ತವೆ. ವಾಹನದ ಹಿಂಭಾಗ ನೆಲಕ್ಕೆ ಹತ್ತಿರವಾದಾಗ ಅದು ನಿಮಗೆ ಒಂದು ಸುದ್ದಿ ಹೇಳುತ್ತಿರುತ್ತದೆ. ಪಟ್ಟಿ ಸೇರಿಸಿದರೆ ಸುದ್ದಿ ನಿಲ್ಲುತ್ತದೆ, ಭಾರ ನಿಲ್ಲುವುದಿಲ್ಲ. ನಾನು ಇದರ ವಿರುದ್ಧ ಎಷ್ಟು ಸಲ ವಾದಿಸಿದ್ದೇನೋ ಲೆಕ್ಕವಿಲ್ಲ, ಗೆದ್ದದ್ದು ಕಡಿಮೆ.

ಹತ್ತು ಪ್ಲೈ ಟೈರಿನ ಸಲಹೆ ಅದಕ್ಕಿಂತ ವಾಸಿ, ಆದರೆ ಅರ್ಧ ಸತ್ಯ. ಹಿಂದೆ ಟೈರಿನೊಳಗೆ ಹತ್ತಿಯ ದಾರದ ಪದರಗಳಿರುತ್ತಿದ್ದವು, ಎಂಟು ಪದರ ಇದ್ದರೆ ಎಂಟು ಪ್ಲೈ. ಇಂದಿನ ಟೈರಿನ ಮೇಲೆ 8 ಪಿಆರ್ ಎಂದಿದ್ದರೆ ಒಳಗೆ ಎಂಟು ಪದರ ಇವೆ ಎಂದಲ್ಲ, ಆ ಕಾಲದ ಎಂಟು ಪದರಕ್ಕೆ ಸಮನಾದ ಬಲವಿದೆ ಎಂದು. ಆದ್ದರಿಂದ ಪ್ಲೈ ಎಣಿಸಬೇಡಿ, ಭಾರದ ಸೂಚ್ಯಂಕ ಓದಿ. ಹತ್ತು ಪ್ಲೈನಲ್ಲಿ 109ರ ಟೈರು ಸಿಕ್ಕಿತು ಎಂದುಕೊಳ್ಳೋಣ. ಒಂದಕ್ಕೆ 1,030 ಕೆಜಿ, ಎರಡಕ್ಕೆ 2,060. ನಿಮ್ಮ ಹಿಂದಿನ ಆಕ್ಸಲ್ಲಿನ ಮೇಲೆ ಬೀಳುತ್ತಿರುವುದು 2,550. ಇನ್ನೂ 490 ಕಡಿಮೆಯೇ. ಮೇಲಾಗಿ ಆ 1,030 ಹೊರಲು 65ಕ್ಕಿಂತ ಹೆಚ್ಚು ಗಾಳಿ ಬೇಕು, ಆ ಒತ್ತಡವನ್ನು ನಿಮ್ಮ ರಿಮ್ಮು ತಾಳಬೇಕು. ಹತ್ತು ಪ್ಲೈ ಹಾಕಿಸಿ ಹಳೆಯ ಅಭ್ಯಾಸದಂತೆ 50 ತುಂಬಿದರೆ ಹಣ ಅಂಗಡಿಗೆ, ಬಿಸಿ ಟೈರಿಗೆ.

ಮುಖ್ಯವಾದ ಮಾತು ಇಲ್ಲಿದೆ. ವಾಹನ ಎಷ್ಟು ಹೊರಬಹುದು ಎಂಬುದನ್ನು ಟೈರು ತೀರ್ಮಾನಿಸುವುದಿಲ್ಲ. ಅದನ್ನು ಬರೆದಿರುವುದು ಆರ್‌ಸಿಯಲ್ಲಿ, ಒಟ್ಟು ತೂಕ ಒಂದು ಕಡೆ, ಎರಡು ಆಕ್ಸಲ್ಲುಗಳ ತೂಕ ಇನ್ನೊಂದು ಕಡೆ. ಈ ಮೂರು ಅಂಕಿಗಳಲ್ಲಿ ಯಾವುದನ್ನೂ ಮೀರದಂತೆ ಲೋಡು ಇರಬೇಕು. ಟೈರಿನ ಸೂಚ್ಯಂಕ ಆ ಆಕ್ಸಲ್ ತೂಕವನ್ನು ಹೊರಲು ಸಾಕೇ ಎಂದು ನೋಡುವುದಕ್ಕೆ ಮಾತ್ರ. ನಿಮ್ಮಲ್ಲಿ ಸಾಕು. ಎರಡು 950 ಸೇರಿ 1,900, ಬೇಕಾದದ್ದು 1,850. ಕಂಪನಿಯವರು ಟೈರನ್ನು ಸರಿಯಾಗಿಯೇ ಆರಿಸಿದ್ದಾರೆ, ಉಳಿಸಿಕೊಟ್ಟ ಜಾಗ 50 ಕೆಜಿ ಮಾತ್ರ. ಕಾರಿನವರಿಗೆ ಈ ತಲೆನೋವು ಕಡಿಮೆ. ಸಣ್ಣ ಕಾರಿನ ಟೈರಿನಲ್ಲಿ 85 ಎಂದಿದ್ದರೆ ಒಂದಕ್ಕೆ 515 ಕೆಜಿ, ನಾಲ್ಕಕ್ಕೆ 2,060, ಕಾರಿನ ಒಟ್ಟು ತೂಕ ಅದಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಚೆಂದಕ್ಕೆಂದು ಅಗಲದ ಟೈರು ಹಾಕಿಸುವಾಗ ಸೂಚ್ಯಂಕ ಇಳಿಯದಂತೆ ನೋಡಿಕೊಂಡರೆ ಅವರಿಗೆ ಸಾಕು.

ಕಾನೂನು ಹೇಳಬೇಕಾದರೆ: ಆರ್‌ಸಿಯಲ್ಲಿನ ಒಟ್ಟು ತೂಕ ಮೀರಿ ಓಡಿಸಬಾರದು ಎನ್ನುವುದು 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಂ. 2019ರ ತಿದ್ದುಪಡಿಯ ನಂತರ 194ನೇ ಕಲಂ ಇದಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡ ಹೇಳುತ್ತದೆ. ಹೆಚ್ಚುವರಿ ಮಾಲು ಇಳಿಸುವ ತನಕ ವಾಹನ ಬಿಡುವಂತಿಲ್ಲ. ತೂಕಕ್ಕೆ ನಿಲ್ಲಿಸದೆ ಹೋದರೆ 40,000. ಹಣ್ಣಾದ ಟೊಮೆಟೊವನ್ನು ರಸ್ತೆ ಬದಿಯ ಬಿಸಿಲಲ್ಲಿ ಇಳಿಸಿ ಕಾಯುವುದು ದಂಡಕ್ಕಿಂತ ದೊಡ್ಡ ದಂಡ. 2018ರಲ್ಲಿ ಸರ್ಕಾರವೇ ಮಿತಿ ಏರಿಸಿತಲ್ಲ ಎಂದು ಕೆಲವರು ಕೇಳುತ್ತಾರೆ. ಅದು ದೊಡ್ಡ ಲಾರಿಗಳ ಆಕ್ಸಲ್ ತೂಕದ ವಿಚಾರ. ಮೂರು ಆಕ್ಸಲ್ಲಿನ ಲಾರಿಯ ಒಟ್ಟು ತೂಕ ಆಗ 25 ಟನ್ನಿನಿಂದ 28.5ಕ್ಕೆ ಏರಿತು. ನಿಮ್ಮ ಪಿಕಪ್ಪಿನ 2,990 ಅದರಿಂದ ಒಂದು ಕೆಜಿಯೂ ಬೆಳೆದಿಲ್ಲ.

ಬ್ರೇಕಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದೇ ವೇಗದಲ್ಲಿ 3,765 ಕೆಜಿಯನ್ನು ನಿಲ್ಲಿಸಲು 2,990ನ್ನು ನಿಲ್ಲಿಸುವುದಕ್ಕಿಂತ ಕಾಲು ಭಾಗ ಹೆಚ್ಚು ಶಕ್ತಿಯನ್ನು ಬ್ರೇಕು ನುಂಗಬೇಕು. ಮುಂದೆ ಕುರಿ ಮಂದೆ ಅಡ್ಡ ಬಂದಾಗ ಇದು ತಿಳಿಯುತ್ತದೆ.

ಟೊಮೆಟೊ ಮುಗಿದ ಮೇಲೆ ನೀವು ಬೇರೆ ಬಾಡಿಗೆಯನ್ನೂ ಹೊಡೆಯುವಿರಿ, ಅದಕ್ಕೆ ಒಂದು ಎಚ್ಚರಿಕೆ. ಲೋಡನ್ನು ಕಣ್ಣಿನಿಂದ ಅಳೆಯಬೇಡಿ. ಒಣ ಹುಲ್ಲು ಆಕಾಶದೆತ್ತರ ಕಂಡರೂ ತೂಕ ಕಡಿಮೆ, ಅಲ್ಲಿ ಭಯ ಉರುಳುವುದರದ್ದು. ಎಂ ಸ್ಯಾಂಡ್ ತೊಟ್ಟಿಯ ಅರ್ಧವೂ ತುಂಬಿರುವುದಿಲ್ಲ, ಆದರೆ ಒಂದು ಘನ ಮೀಟರಿಗೆ ಒಂದೂವರೆ ಟನ್ನಿಗೂ ಹೆಚ್ಚು. ನೀರು ಘನ ಮೀಟರಿಗೆ ಸರಿಯಾಗಿ ಒಂದು ಟನ್. ಬರದ ವರ್ಷವೊಂದರಲ್ಲಿ ನಾನೇ 2,000 ಲೀಟರಿನ ತೊಟ್ಟಿಯನ್ನು ಇಂಥದೇ ಪಿಕಪ್ಪಿನ ಮೇಲಿಟ್ಟು ಗಿಡಗಳಿಗೆ ನೀರು ಹೊತ್ತೆ, ಮುಕ್ಕಾಲು ಮಾತ್ರ ತುಂಬಿದರೆ ತೂಕ ಕಡಿಮೆಯಾಗುತ್ತದೆಂಬ ಜಾಣತನದಲ್ಲಿ. 1,500 ಕೆಜಿ ಎಂಬುದೇ ಮಿತಿ ಮೀರಿತ್ತು, ಜೊತೆಗೆ ತಿರುವಿನಲ್ಲಿ ಒಳಗಿನ ನೀರು ಒಂದೇ ಕಡೆಗೆ ನುಗ್ಗಿ ವಾಹನ ಕೆರೆ ಏರಿಯ ಮೇಲೆ ಎರಡು ಚಕ್ರದಲ್ಲಿ ನಿಲ್ಲುವುದೊಂದು ಬಾಕಿ. ಮಾರನೆಯ ದಿನ ತೊಟ್ಟಿ ಕೆಳಗಿಳಿಸಿದೆ.

ಇನ್ನು ನೀವು ಮಾಡಬೇಕಾದದ್ದು. ಮುಂದಿನ ಸಲ ಮಾಮೂಲಿನಂತೆ ಲೋಡು ಹಾಕುವ ಬದಲು 64 ಕ್ರೇಟು ಹಾಕಿ ವೇಬ್ರಿಡ್ಜಿಗೆ ಹೋಗಿ. ಮೊದಲು ಇಡೀ ವಾಹನ ತೂಗಿಸಿ, ಆಮೇಲೆ ಮುಂದಿನ ಚಕ್ರಗಳನ್ನು ಕಟ್ಟೆಯಿಂದ ಆಚೆಗೆ ದಾಟಿಸಿ ಹಿಂದಿನ ಎರಡನ್ನು ಮಾತ್ರ ಅದರ ಮೇಲೆ ನಿಲ್ಲಿಸಿ ಇನ್ನೊಂದು ಚೀಟಿ ಕೇಳಿ. ತೂಗುವವರು ಮುಖ ಸಿಂಡರಿಸಬಹುದು, ಎರಡು ತೂಕದ ಹಣ ಕೊಟ್ಟುಬಿಡಿ. ಎರಡನೆಯ ಅಂಕಿ 1,850 ದಾಟಿದ್ದರೆ ಕ್ರೇಟುಗಳನ್ನು ಕ್ಯಾಬಿನ್ನಿನ ಕಡೆಗೆ ಸರಿಸಿ. ಒಟ್ಟು 2,990 ದಾಟಿದ್ದರೆ ಇಳಿಸಿ. ಒಂದು ಸಲ ಹೀಗೆ ತೂಗಿ ಎಷ್ಟು ಸಾಲು, ಎಷ್ಟು ಎತ್ತರ ಎಂದು ಬಾಡಿಯ ಮೇಲೆ ಬಣ್ಣದಿಂದ ಗುರುತು ಹಾಕಿದರೆ ಮತ್ತೆ ಮತ್ತೆ ತೂಗಬೇಕಾಗಿಲ್ಲ.

ಗಾಳಿಯನ್ನು ಬೆಳಿಗ್ಗೆ ಹೊರಡುವ ಮುಂಚೆ ನೋಡಿ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಅಳೆದರೆ 65 ಇದ್ದದ್ದು 73 ತೋರಿಸಬಹುದು. ಟೈರು ಮೂವತ್ತು ಡಿಗ್ರಿ ಬಿಸಿಯಾದರೆ ಅಷ್ಟು ಏರುವುದು ಸಹಜ. ಹೆಚ್ಚಾಯಿತೆಂದು ಬಿಸಿ ಟೈರಿನಿಂದ ಗಾಳಿ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ತಣ್ಣಗಾದ ಮೇಲೆ ಅದು ಗಾಳಿ ಕಡಿಮೆ ಇರುವ ಟೈರು. ಖಾಲಿ ಬರುವಾಗ ಎಷ್ಟಿರಬೇಕು, ಲೋಡಿನಲ್ಲಿ ಎಷ್ಟಿರಬೇಕು ಎಂಬುದು ವಾಹನದ ಪುಸ್ತಕದಲ್ಲಿ ಅಥವಾ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಇರುತ್ತದೆ.

ದಿನಕ್ಕೆ 110 ಕ್ರೇಟು ಹೋಗಲೇಬೇಕೆಂದರೆ 55ರಂತೆ ಎರಡು ಸುತ್ತು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಅದೇನು ದೂರದ ದಾರಿಯಲ್ಲ. ಎರಡನೇ ಸುತ್ತಿನ ಡೀಸೆಲ್ಲನ್ನು ಒಂದು ಕಡೆ ಬರೆಯಿರಿ, ಎಂಟು ತಿಂಗಳಲ್ಲಿ ಹೋದ ಎರಡು ಟೈರು, ಅವು ಸಿಡಿದ ದಿನ ಹರಾಜು ತಪ್ಪಿಸಿಕೊಂಡ ಮಾಲು ಇನ್ನೊಂದು ಕಡೆ. ಅಕ್ಕಪಕ್ಕದವರ ಮಾಲು ಪ್ರತಿ ವರ್ಷ ಹೀಗೆಯೇ ಬರುವುದಾದರೆ ಆರ್‌ಸಿಯಲ್ಲಿ ಹೆಚ್ಚು ಒಟ್ಟು ತೂಕವಿರುವ ವಾಹನಕ್ಕೆ ಬದಲಾಯಿಸುವುದು ಸರಿಯಾದ ದಾರಿ. ಈ ಪಿಕಪ್ಪನ್ನೇ ತಿದ್ದಿ ಲಾರಿ ಮಾಡುವ ಉಪಾಯ ಯಾರಲ್ಲಿಯೂ ಇಲ್ಲ.

ಹೊಸ ಟೈರನ್ನು ಒಂದೇ ಕೊಳ್ಳಬೇಡಿ, ಹಿಂದಿನ ಎರಡನ್ನೂ ಜೋಡಿಯಾಗಿ 106ಕ್ಕೆ ಕಡಿಮೆಯಿಲ್ಲದಂತೆ ಕೊಳ್ಳಿ. ಬಲಗಡೆಯದೂ ಅಷ್ಟೇ ಬೆಂದಿದೆ, ಸಿಡಿದಿಲ್ಲವಷ್ಟೆ. ಪಕ್ಕೆಯ ಮೇಲೆ ನಾಲ್ಕು ಅಂಕಿಯ ಮುದ್ರೆ ಇರುತ್ತದೆ, 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತದ್ದನ್ನು ರಿಯಾಯಿತಿಗೆ ಕೊಟ್ಟರೂ ಬೇಡ. ಸ್ಟೆಪ್ನಿಯ ಮುದ್ರೆಯನ್ನೂ ಓದಿ. ಎರಡು ಸಲ ಸಿಡಿದಾಗಲೂ ಅದೇ ನಿಮ್ಮನ್ನು ಮಂಡಿಗೆ ಮುಟ್ಟಿಸಿದ್ದು, ಪೂರ್ತಿ ಲೋಡಿನೊಂದಿಗೆ.

ಎರಡು ತೂಕದ ಚೀಟಿ ಮತ್ತು ಸಿಡಿದ ಟೈರಿನ ಒಳಭಾಗದ ಫೋಟೊ ಕಳುಹಿಸಿ. ಎಡ ಕಮಾನಿನ ಬಗ್ಗೆ ಅವನ್ನು ನೋಡಿದ ಮೇಲೆಯೇ ಹೇಳುತ್ತೇನೆ.